ಬಾನೆಟ್ ಎತ್ತಿದ ಭಗೀರಥರು

ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಎಂಬುದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಸರ್ವಾನುಮತದಿಂದ ಅಂಗೀಕಾರವಾದ ನಿರ್ಣಯ. ಮಂಡಿಸಿದವರು ಹನ್ನೆರಡು ನಿಮಿಷದ ಯೂಟ್ಯೂಬ್ ವಿಡಿಯೊ ನೋಡಿದವರು. ಅನುಮೋದಿಸಿದವರು ಅದನ್ನು ನೋಡದೆಯೇ ಫಾರ್ವರ್ಡ್ ಮಾಡಿದವರು. ಮಿಕ್ಸಿ ಜಾರ್ ಕಚ್ಚಿಕೊಂಡಿದೆ, ಬಿಚ್ಚಿಕೊಡ್ರೀ ಎಂದರೆ ‘ಅದೆಲ್ಲ ನಂಗೆ ಬರಲ್ಲ ಕಣೇ’ ಎನ್ನುವ ಯಜಮಾನರೇ ಭಾನುವಾರ ಬೆಳಗ್ಗೆ ಬರ್ಮುಡಾ ತೊಟ್ಟು, ಜೆ.ಸಿ. ರಸ್ತೆಯಿಂದ ತಂದಿಟ್ಟ ಹೊಸ ಸ್ಪ್ಯಾನರ್ ಸೆಟ್ ಹಿಡಿದು ಲಿಫ್ಟಿನಲ್ಲಿ ಇಳಿಯುತ್ತಾರೆ.

ಮೊದಲ ಪಾಠ, ಎಂಜಿನ್ ಆಯಿಲ್ ಬದಲಾಯಿಸುವುದು. ಗೇರಿನ ಕಾರಿನ ಅಡಿಯಲ್ಲಿ ಆಯಿಲ್ ಇಳಿಸುವ ಬೋಲ್ಟುಗಳು ಎರಡಿರುತ್ತವೆ, ಒಂದು ಎಂಜಿನ್ನಿನದು, ಇನ್ನೊಂದು ಗೇರ್‌ಬಾಕ್ಸಿನದು. ವಿಡಿಯೊದವನು ತೋರಿಸಿದ್ದು ಒಂದನ್ನೇ, ಅದೂ ಬೇರೆ ಮಾಡೆಲ್ಲಿನದು. ನಮ್ಮ ಭಗೀರಥರು ಕೈಗೆ ಸಿಕ್ಕಿದ್ದನ್ನು ತಿರುಗಿಸಿದರು. ಇಳಿದು ಬಂದದ್ದು ಹೊಂಬಣ್ಣದ, ಮಂದವಾದ, ಗಂಧಕದ ನಾತ ಹೊಡೆಯುವ ಗೇರ್ ಆಯಿಲ್. ಓಡಿದ ಎಂಜಿನ್ ಆಯಿಲ್ ಕಪ್ಪಗಿರಬೇಕಿತ್ತಲ್ಲ ಎಂಬ ಅನುಮಾನ ಬರಬೇಡವೇ? ಅನುಮಾನ ಬಂತು, ಆದರೆ ಗ್ಯಾರೇಜಿನವನ ಮೇಲೆ. ‘ನೋಡ್ರೀ, ಆಯಿಲ್ ಇನ್ನೂ ಎಷ್ಟು ಚೆನ್ನಾಗಿದೆ! ಬದಲಾಯಿಸ್ಲೇಬೇಕು ಸಾರ್ ಅಂತಿದ್ದ, ಕಳ್ಳ.’ ಸುತ್ತ ನಿಂತವರೆಲ್ಲ ತಲೆದೂಗಿದರು.

ಆಮೇಲೆ, ಹಳೆಯ ಮೂರು ಲೀಟರ್ ಹಾಗೇ ಉಳಿದಿದ್ದ ಎಂಜಿನ್ನಿಗೆ ಹೊಸ ಮೂರು ಲೀಟರ್ ಸುರಿದರು. ಆಯಿಲ್ ಹೀಗೆ ಎರಡರಷ್ಟಾದರೆ ಕ್ರ್ಯಾಂಕ್‌ಶಾಫ್ಟ್ ಅದನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ಬೇರಿಂಗುಗಳಿಗೆ ಜಿಡ್ಡಿನ ಬದಲು ನೊರೆ ಸಿಗುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಇತ್ತ ತೊಟ್ಟು ಆಯಿಲ್ ಇಲ್ಲದ ಗೇರ್‌ಬಾಕ್ಸ್ ಗೇಟು ದಾಟುವಾಗ ಮುಲುಗಿತು, ರಿಂಗ್ ರೋಡಿನಲ್ಲಿ ಬೊಬ್ಬೆ ಹೊಡೆಯಿತು, ಆಮೇಲೆ ಮೂರನೇ ಗೇರು ಬೀಳಲೇ ಇಲ್ಲ. ‘ಹೊಸ ಆಯಿಲ್ ಅಲ್ವಾ, ಸೆಟ್ ಆಗ್ಬೇಕು’ ಎಂದರು.

ಎದುರು ಬ್ಲಾಕಿನವರದು ವಿದ್ಯುತ್ ವಿಭಾಗ. ಹಾರ್ನಿನ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. 10 ಆಂಪಿಯರಿನ ಫ್ಯೂಸಿಗೆ ಒಂದು ಕಾಫಿಯ ದುಡ್ಡೂ ಆಗುವುದಿಲ್ಲ, ಆದರೂ ಅದರ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ತುರುಕಿದರು. ಫ್ಯೂಸ್ ಹೋಗುವುದೇ ನಿಂತಿತು! ಎಲ್ಲೋ ಶಾರ್ಟ್ ಆದರೆ ತಾನು ಸುಟ್ಟುಕೊಂಡು ವೈರುಗಳನ್ನು ಉಳಿಸುವುದು ಫ್ಯೂಸಿನ ಉದ್ಯೋಗ. ಬೇಗಡೆಗೆ ಅಂಥ ತ್ಯಾಗಬುದ್ಧಿ ಇಲ್ಲ. ಅದು ಕುಳಿತಲ್ಲೇ ಕುಳಿತು ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗನ್ನು ಬೇಯಿಸಿತು. ಹಾರ್ನ್ ಮಾತ್ರ ಅಂದು ಮನದಣಿಯೆ ಕೂಗಿತು. ಬಾಯಿ ಮುಚ್ಚಿಸಲು ಬ್ಯಾಟರಿಯನ್ನೇ ಕೀಳಬೇಕಾಯಿತು.

ಕಾದ ರೇಡಿಯೇಟರಿನ ಮುಚ್ಚಳ ತೆಗೆದು ಮುಖಕ್ಕೆ ಅಭಿಷೇಕ ಮಾಡಿಸಿಕೊಂಡವರ ಕಥೆಯಲ್ಲಿ ನಗು ಕಡಿಮೆ, ಬರ್ನಾಲ್ ಜಾಸ್ತಿ. ಬಿಡಿ.

ಇದರಲ್ಲಿ ಹಿಂದಿನ ತಲೆಮಾರಿನ ಪಾಲೂ ಇದೆ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಕಾರಿದ್ದವನು ಅರ್ಧ ಮೆಕ್ಯಾನಿಕ್ ಆಗದೆ ವಿಧಿಯಿರಲಿಲ್ಲ. ಶಿರಾಡಿ ಘಾಟಿಯಲ್ಲಿ ಗಾಡಿ ಕೈಕೊಟ್ಟರೆ ಕಾರ್ಬ್ಯುರೇಟರ್ ಜೆಟ್ಟನ್ನು ಬಾಯಲ್ಲಿ ಊದಿ, ಪಾಯಿಂಟನ್ನು ಉಪ್ಪುಕಾಗದದಲ್ಲಿ ತಿಕ್ಕಿ ಊರು ಸೇರುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಆ ಪಾಡು ತಗ್ಗಿತು. ಬರಬರುತ್ತಾ ಕಾರ್ಬ್ಯುರೇಟರ್ ಹೋಗಿ ಅದರ ಜಾಗಕ್ಕೆ ಕಂಪ್ಯೂಟರ್ ಬಂತು. ಕೈಚಳಕ ಅಪ್ಪನ ಜೊತೆಗೇ ಹೋಯಿತು, ಪಿತ್ರಾರ್ಜಿತವಾಗಿ ಮಗನಿಗೆ ದಕ್ಕಿದ್ದು ಧೈರ್ಯವೊಂದೇ. ಕಂಪ್ಯೂಟರನ್ನು ಊದಲಾಗದಲ್ಲ, ಅದಕ್ಕೆ ಬ್ಲೂಟೂತ್ ಸ್ಕ್ಯಾನರ್ ತರಿಸಿದ್ದಾನೆ. ಎಂಜಿನ್ ದೀಪ ಹತ್ತಿದರೆ ಕೋಡ್ ಅಳಿಸುತ್ತಾನೆ. ದೀಪ ಆರಿತು, ಕಾಯಿಲೆ ವಾಸಿ.

ನಮ್ಮ ಭಗೀರಥರ ಕಾರು ಕೊನೆಗೆ ಟೋಯಿಂಗ್ ಗಾಡಿ ಏರಿ ಅದೇ ‘ಕಳ್ಳ’ನ ಬಾಗಿಲಿಗೆ ಬಂತು. ಆತ ಡಿಪ್‌ಸ್ಟಿಕ್ ಎಳೆದ, ಮೇಲಿನ ಗೆರೆ ದಾಟಿ ಗೇಣುದ್ದ ಹತ್ತಿದ್ದ ಆಯಿಲನ್ನು ನೋಡಿದ, ಬಗ್ಗಿ ಗೇರ್‌ಬಾಕ್ಸ್ ಮುಟ್ಟಿದ, ಏನೂ ಕೇಳಲಿಲ್ಲ. ಇಂಥ ಭಾನುವಾರಗಳ ಸೋಮವಾರಗಳನ್ನು ಆತ ಬೇಕಾದಷ್ಟು ಕಂಡಿದ್ದಾನೆ.

‘ಗೇರ್‌ಬಾಕ್ಸ್ ಇಳಿಸ್ಬೇಕು ಸಾರ್. ಬೇರಿಂಗು, ಸಿಂಕ್ರೊ ರಿಂಗು ಎಲ್ಲಾ ಹೋಗಿದೆ. ಲೇಬರ್ ಸೇರಿ ಇಪ್ಪತ್ತೆರಡು ಸಾವಿರ ಆಗುತ್ತೆ.’

‘ಲೇಬರ್ ಯಾಕಪ್ಪಾ ಪೂರ್ತಿ ಹಾಕ್ತೀಯಾ? ಆಯಿಲ್ ಇಳಿಸೋ ಕೆಲಸ ನಾನೇ ಮುಗಿಸ್ಕೊಂಡು ಬಂದಿದ್ದೀನಲ್ಲ!’