ಎಕ್ಕಯುಗ್ಮ ಮೀಮಾಂಸೆ: ಆಳಸಂಚಯ ಪತ್ರದ್ಯೂತದಲ್ಲಿ ಆರ್ದ್ರಫಲಕ ಸಮಸ್ಯೆಯ ಕುರಿತು ಒಂದು ಬಹುಶಿಸ್ತೀಯ ಜಿಜ್ಞಾಸೆ

1. ಪೀಠಿಕೆ

ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್ ಪ್ರಭೇದದಲ್ಲಿ ಶ್ರೇಷ್ಠವಾದ ಎಲೆಗಳನ್ನು ಪಡೆದ ಆಟಗಾರನು, ಮೇಜಿನ ಮೇಲೆ ಅಪಾಯದ ಎಲೆಗಳು ಬಿದ್ದ ಬಳಿಕವೂ ಅವನ್ನು ಬಿಡಲಾರದೆ, ಮುಂದಿಟ್ಟುಕೊಂಡ ಅಷ್ಟೂ ದುಡ್ಡು ಕಳೆದುಕೊಂಡು, ಅನಂತರ ತಾನು ಸೋತದ್ದು ಏಕೆ ಸರಿ ಎಂದು ಬೆಳಗಿನ ಜಾವದವರೆಗೆ ವಿವರಿಸುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು ತಾತ್ವಿಕ ನೆಲೆಯಲ್ಲಿ ಮುಖಾಮುಖಿಯಾಗಲು ಯತ್ನಿಸುತ್ತದೆ. ಈ ವಿದ್ಯಮಾನಕ್ಕೆ ಕನ್ನಡದಲ್ಲಿ ಇದುವರೆಗೆ ಪರಿಭಾಷೆ ಇಲ್ಲದಿರುವುದು ನಮ್ಮ ವಿದ್ವತ್ತಿನ ಕೊರತೆಯೇ ಹೊರತು ಕನ್ನಡಿಗರು ಸೋತಿಲ್ಲ ಎಂಬುದಕ್ಕೆ ಸಾಕ್ಷ್ಯವಲ್ಲ. ಆದಕಾರಣ ಕೈಗೆ ಬಂದ ಎರಡು ಎಕ್ಕಗಳನ್ನು ಎಕ್ಕಯುಗ್ಮವೆಂದೂ, ಆಟಗಾರನ ಮುಂದಿರುವ ಚಿಪ್ಸ್ ರಾಶಿಯನ್ನು ಸಂಚಯವೆಂದೂ, ಆ ರಾಶಿ ಬಿಗ್ ಬ್ಲೈಂಡಿನ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಎರಡು ಪಣಗಳಲ್ಲಿ ದೊಡ್ಡದರ) ಇನ್ನೂರು ಪಟ್ಟು ಇದ್ದರೆ ಅದನ್ನು ಆಳಸಂಚಯವೆಂದೂ, ನಡುವೆ ಮುಖ ಮೇಲಾಗಿ ಬೀಳುವ ಐದು ಎಲೆಗಳನ್ನು ಫಲಕವೆಂದೂ ಇಲ್ಲಿ ಕರೆಯಲಾಗಿದೆ.

1.1 ವ್ಯಾಪ್ತಿ, ಮಿತಿ ಮತ್ತು ವಿಧಾನ

ಸಹಭಾಗಿ ವೀಕ್ಷಣೆಯ ವಿಧಾನವನ್ನು ಅನುಸರಿಸಲಾಗಿದೆ. ಸಹಭಾಗಿತ್ವಕ್ಕೆ ಅನುದಾನ ಸಾಲದೆ ಹೋದದ್ದರಿಂದ ವೀಕ್ಷಣೆಯನ್ನಷ್ಟೇ ಮುಂದುವರಿಸಲಾಯಿತು.

ಆಟ ಗೊತ್ತಿಲ್ಲದವರಿಗಾಗಿ: ಒಬ್ಬೊಬ್ಬನಿಗೂ ಗುಟ್ಟಾಗಿ ಎರಡೆರಡು ಎಲೆ. ಮೊದಲು ಪಣ. ಆಮೇಲೆ ನಡುವೆ ಮೂರು ಎಲೆ ಬಿಚ್ಚುತ್ತಾರೆ, ಅದು ಫ್ಲಾಪ್. ಮತ್ತೊಂದು ಬಿಚ್ಚಿದರೆ ಟರ್ನ್, ಕೊನೆಯದು ರಿವರ್. ಪ್ರತಿ ಹಂತದಲ್ಲೂ ಪಣ. ಏಳು ಎಲೆಗಳಲ್ಲಿ ಅತ್ಯುತ್ತಮ ಐದು ಯಾರದೋ, ದುಡ್ಡು ಅವರದು. ಇಷ್ಟೇ ಆಟ. ಇದರ ಮೇಲೆ ಬರೆದ ಪುಸ್ತಕಗಳನ್ನು ಜೋಡಿಸಿದರೆ ಒಂದು ಕೋಣೆ ತುಂಬುತ್ತದೆ.

ಐವತ್ತೆರಡು ಎಲೆಗಳಿಂದ ಎರಡನ್ನು ಆರಿಸುವ ಬಗೆಗಳು 1,326. ಅವುಗಳಲ್ಲಿ ಎಕ್ಕದ ಜೋಡಿಗಳು ಆರೇ ಆರು. ಅಂದರೆ ಸರಾಸರಿ 221 ಕೈಗಳಿಗೊಮ್ಮೆ ಈ ಭಾಗ್ಯ. ಯಾವುದೋ ಒಂದು ಕೈ ಹಿಡಿದ ಒಬ್ಬನೇ ಎದುರಾಳಿ ಇದ್ದರೆ, ಐದೂ ಎಲೆ ಬಿಚ್ಚುವವರೆಗೆ ಹೋದಾಗ, ಎಕ್ಕಯುಗ್ಮವು ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಎಂಟು ಜನ ಎದುರಾಳಿಗಳಿದ್ದು ಯಾರೂ ಎದ್ದು ಹೋಗದಿದ್ದರೆ 35ರ ಹತ್ತಿರ ಇಳಿಯುತ್ತದೆ. ಇದನ್ನು ಪ್ರಬಂಧಕಾರನು “ಶ್ರೇಷ್ಠತೆಯ ಸಾಮುದಾಯಿಕ ಕ್ಷಯ” ಎಂದು ನಾಮಕರಣ ಮಾಡಿ, ಮುಂದೆಲ್ಲೂ ಬಳಸದೆ ಬಿಟ್ಟಿದ್ದಾನೆ.

2. ಪೂರ್ವಸೂರಿಗಳು

ಯಾವುದೇ ಪ್ರಬಂಧವು ವೇದದಿಂದ ಆರಂಭವಾಗದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಪುಣ್ಯಕ್ಕೆ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವು ಜೂಜುಗಾರನ ಅಳಲೇ ಆಗಿದೆ. ಹೆಂಡತಿ ದೂರವಾಗಿದ್ದಾಳೆ, ಅತ್ತೆಗೆ ಅವನನ್ನು ಕಂಡರಾಗದು, ಆದರೂ ದಾಳದ ಸದ್ದು ಕೇಳಿದರೆ ಕಾಲು ಅತ್ತಲೇ ಎಳೆಯುತ್ತದೆ. ಜೂಜು ಬಿಡು, ಹೊಲ ಉಳು ಎಂಬ ಬುದ್ಧಿಮಾತೂ ಅಲ್ಲಿದೆ. ರೇಂಜ್, ಈಕ್ವಿಟಿ ಇತ್ಯಾದಿ ಪೋಕರ್ ಪರಿಕಲ್ಪನೆಗಳ ಅಭಾವದಿಂದಾಗಿ ಋಷಿಯು ಇಷ್ಟು ಸರಳವಾಗಿ ಮಾತಾಡಬೇಕಾಗಿ ಬಂದುದು ವಿಷಾದನೀಯ.

ಆಳಸಂಚಯದ ಮೊದಲ ಮಹಾಪುರುಷ ಧರ್ಮರಾಯ. ರಾಜಸೂಯ ಮುಗಿಸಿ ಬಂದವನ ಮುಂದೆ ಎಷ್ಟು ಸಂಚಯವಿತ್ತೆಂದರೆ ಏಳುವ ಅಗತ್ಯವೇ ತೋರಲಿಲ್ಲ. ಗಮನಾರ್ಹ ಸಂಗತಿಯೆಂದರೆ, ದ್ರೌಪದಿಯ ಕಾರಣದಿಂದ ಧೃತರಾಷ್ಟ್ರ ಕಳೆದುದನ್ನೆಲ್ಲ ವಾಪಸ್ ಕೊಟ್ಟ ಮೇಲೆ, ಮತ್ತೆ ಕರೆ ಬಂದಾಗ ಮತ್ತೆ ಹೋಗಿ ಕೂತ. ಪ್ರಾಚೀನರು ಇದನ್ನು ಅನುದ್ಯೂತವೆಂದರು. ನಮ್ಮ ಹುಡುಗರು ರೀಬೈ ಅನ್ನುತ್ತಾರೆ.

ಆಧುನಿಕರಲ್ಲಿ ಜಾನ್ ವಾನ್ ನಾಯ್ಮನ್, ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಗೇಮ್ ಥಿಯರಿಯ ಗ್ರಂಥದಲ್ಲಿ ಪೋಕರಿನ ಒಂದು ಸರಳೀಕೃತ ರೂಪವನ್ನು ವಿಶ್ಲೇಷಿಸಿದರು. ಅವರಿಗೆ ಪೋಕರ್ ಒಂದು ಉದಾಹರಣೆಯಷ್ಟೇ ಆಗಿತ್ತು. ಇಂದಿನವರಿಗೆ ಜೀವನವೇ ಪೋಕರಿಗೊಂದು ಉದಾಹರಣೆ. ಡಾಯ್ಲ್ ಬ್ರನ್ಸನ್ ಬರೆದ ‘ಸೂಪರ್ ಸಿಸ್ಟಮ್’ ಹೊಡೆದಾಟದ ಪೋಕರಿಗೆ ಧರ್ಮಗ್ರಂಥವೆನಿಸಿತು. ಆತ 1976 ಮತ್ತು 1977ರಲ್ಲಿ ಸತತವಾಗಿ ವಿಶ್ವಪಟ್ಟ ಗೆದ್ದದ್ದು ಎಕ್ಕಯುಗ್ಮದಿಂದಲ್ಲ, ಎರಡೂ ಸಲ ಕೊನೆಯ ಕೈಯಲ್ಲಿದ್ದುದು ಹತ್ತು ಮತ್ತು ಎರಡು. ಶಾಸ್ತ್ರ ನೋಡಿದರೆ ಅದು ಎಸೆಯಬೇಕಾದ ಕೈ. 1976ರಲ್ಲಿ ಎದುರಾಳಿಯ ಬಳಿ ಎಕ್ಕ ಮತ್ತು ಗುಲಾಮ ಇದ್ದವು, ಫ್ಲಾಪಿನಲ್ಲಿ ಅವೆರಡೂ, ಜೊತೆಗೊಂದು ಹತ್ತೂ ಬಂದು ಅವನಿಗೆ ಎರಡು ಜೋಡಿ ಆಗಿತ್ತು. ಟರ್ನಿನಲ್ಲಿ ಎರಡು, ರಿವರಿನಲ್ಲಿ ಮತ್ತೊಂದು ಹತ್ತು ಬಂದು ಬ್ರನ್ಸನ್‌ಗೆ ಫುಲ್ ಹೌಸ್, ಅಂದರೆ ಒಂದೇ ಅಂಕಿಯ ಮೂರು, ಇನ್ನೊಂದರ ಜೋಡಿ. ಆ ಕೈಗೆ ಇಂದಿಗೂ ಅವನದೇ ಹೆಸರು. ಸೋತವನ ಎಕ್ಕ-ಗುಲಾಮಕ್ಕೆ ಯಾರೂ ಅವನ ಹೆಸರಿಡಲಿಲ್ಲ.

3. ಫಲಕಗಳ ಪಂಚವಿಧ ವರ್ಗೀಕರಣ

3.1 ಶುಷ್ಕಫಲಕ. ರಾಜ, ಏಳು, ಎರಡು, ಮೂರಕ್ಕೂ ಬೇರೆ ಬೇರೆ ಗುರುತು. ಪರಸ್ಪರ ಸಂಬಂಧವಿಲ್ಲದ ಈ ಎಲೆಗಳು ವಿಶ್ವವಿದ್ಯಾಲಯದ ವಿಭಾಗಗಳಂತೆ ಒಂದಕ್ಕೊಂದು ಮಾತಾಡುವುದಿಲ್ಲ. ಎಕ್ಕಯುಗ್ಮಕ್ಕೆ ಇಲ್ಲಿ ಭಯ ಕಡಿಮೆ.

3.2 ಆರ್ದ್ರಫಲಕ. ಆಟೀನಿನ ಒಂಬತ್ತು, ಆಟೀನಿನ ಎಂಟು, ಕಳಾವರದ ಏಳು. ನಿಮ್ಮ ಕೈಯಲ್ಲಿ ಇಸ್ಪೀಟು ಎಕ್ಕ, ಡೈಮಂಡ್ ಎಕ್ಕ. ಗುಲಾಮ-ಹತ್ತು ಹಿಡಿದವನಿಗೆ ಆಗಲೇ ಸ್ಟ್ರೇಟ್, ಅಂದರೆ ಸಾಲಾಗಿ ಐದು. ಹತ್ತು-ಆರು, ಆರು-ಐದು ಹಿಡಿದವರಿಗೂ ಸ್ಟ್ರೇಟ್. ಎರಡು ಆಟೀನು ಹಿಡಿದವನಿಗೆ ಫ್ಲಶ್ಶಿನ, ಅಂದರೆ ಒಂದೇ ಗುರುತಿನ ಐದರ, ಆಸೆ. ಒಂಬತ್ತು, ಎಂಟು, ಏಳರ ಜೋಡಿ ಹಿಡಿದವನಿಗೆ ಸೆಟ್, ಅಂದರೆ ಒಂದೇ ಅಂಕಿಯ ಮೂರು.

3.2.1 ಆರ್ದ್ರಫಲಕದಲ್ಲಿ ಉಪಾರ್ದ್ರ, ಅತ್ಯಾರ್ದ್ರ, ಸಿಕ್ತ, ಪ್ಲಾವಿತ ಎಂಬ ಉಪವರ್ಗಗಳಿದ್ದು, ಪ್ಲಾವಿತದಲ್ಲಿ ಮತ್ತೆ ಏಕವರ್ಣಪ್ಲಾವಿತ ಹಾಗೂ

ಇಲ್ಲಿಗೆ ವರ್ಗೀಕರಣ ಸಾಕು. ಉಳಿದ ಮೂರು ವಿಧಗಳನ್ನು ಓದುಗರು ಊಹಿಸಿಕೊಳ್ಳಬಹುದು. ಹೇಗೂ ಯಾವ ವರ್ಗಕ್ಕೂ ಉತ್ತರ ಒಂದೇ: ನಿಮ್ಮಲ್ಲಿರುವುದು ಒಂದು ಜೋಡಿ. ಮೇಲೆ ಎಕ್ಕದ ಚಿತ್ರವಿದೆ ಎಂಬುದನ್ನು ಬಿಟ್ಟರೆ ಅದು ಒಂದೇ ಒಂದು ಜೋಡಿ.

4. ಸಂಚಯ-ಕುಂಭಾನುಪಾತ

ಈ ಭಾಗವನ್ನು ಮಾತ್ರ ನೇರವಾಗಿ ಹೇಳುತ್ತೇನೆ. ಇದು ನಿಜವಾಗಿಯೂ ಸ್ವಾರಸ್ಯದ ವಿಷಯ. ಪಂಡಿತರು ಇದನ್ನು ಬಿಟ್ಟು ಉಳಿದುದನ್ನೆಲ್ಲ ಹೇಳುತ್ತಾರೆ.

ಬ್ಲೈಂಡ್ 100-200 ರೂಪಾಯಿಯ ಆಟ. ಇಬ್ಬರ ಬಳಿಯೂ 8,000 ಇದೆ. ಒಬ್ಬ 600ಕ್ಕೆ ಏರಿಸಿದ, ಎಕ್ಕಯುಗ್ಮದ ನೀವು 2,000 ಅಂದಿರಿ, ಅವನು ಬಂದ, ಬ್ಲೈಂಡಿನವರು ಬಿಟ್ಟರು. ಪಾಟಿನಲ್ಲಿ, ಅಂದರೆ ನಡುವೆ ಸೇರಿದ ಪಣದ ಕುಂಭದಲ್ಲಿ, 4,300; ಒಬ್ಬೊಬ್ಬರ ಹಿಂದೆ ಉಳಿದಿರುವುದು 6,000. ಒಂದೂವರೆ ಪಾಟಿನಷ್ಟೂ ಇಲ್ಲ. ಫ್ಲಾಪ್ ಏನೇ ಬೀಳಲಿ, ಎರಡು ಏಟಿಗೆ ದುಡ್ಡು ಒಳಗೆ ಹೋಗುತ್ತದೆ. ಎದುರಿನವನು ರಾಜನ ಜೋಡಿಯಲ್ಲೂ ಬರುತ್ತಾನೆ, ಅರ್ಧ ಆಸೆಯಲ್ಲೂ ಬರುತ್ತಾನೆ. ಎಕ್ಕಗಳು ಹುಟ್ಟಿರುವುದೇ ಈ ಆಟಕ್ಕೆ.

ಈಗ ಅದೇ ಆಟ, ಅದೇ ಏರಿಕೆ, ಆದರೆ ಒಬ್ಬೊಬ್ಬರ ಬಳಿ 40,000. ಪಾಟ್ ಅದೇ 4,300, ಹಿಂದೆ ಉಳಿದದ್ದು 38,000. ಸುಮಾರು ಒಂಬತ್ತು ಪಾಟ್. ಎದುರಿನವನ ಬಳಿ ಏಳರ ಜೋಡಿ ಇದೆ ಎನ್ನಿ. ಸೆಟ್ ಆಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ನಿಮ್ಮ ಏರಿಕೆ ನೋಡಲು ಅವನು ಕೊಡಬೇಕಾದದ್ದು ಇನ್ನು 1,400. ಎಂಟು ಸಾವಿರದ ಆಟದಲ್ಲಿ ಇದು ಅವನಿಗೆ ದುಬಾರಿ, ಏಕೆಂದರೆ ಸೆಟ್ ಆದರೂ ನಿಮ್ಮಿಂದ ಕೀಳಲು ಇರುವುದು ಆರು ಸಾವಿರ. ನಲವತ್ತು ಸಾವಿರದ ಆಟದಲ್ಲಿ ಅವನು 1,400ಕ್ಕೆ 38,000 ಕೊಳ್ಳಲು ಬಂದಿದ್ದಾನೆ. ಏಳು ಸಲ ಸುಮ್ಮನೆ ಎಲೆ ಬಿಟ್ಟು ಎದ್ದರೂ ಅವನಿಗೆ ನಷ್ಟವಿಲ್ಲ, ಒಂದು ಸಲ ನೀವು ಎಕ್ಕದ ಮೋಹ ಬಿಡದಿದ್ದರೆ ಸಾಕು. ಅವನು ನಿಮ್ಮ ಎಲೆಗೆ ಹೆದರುವುದಿಲ್ಲ. ನಿಮ್ಮ ಹೆಮ್ಮೆಗೆ ಬೆಲೆ ಕಟ್ಟಿ ಕೂತಿದ್ದಾನೆ.

ಮತ್ತೆ ಆ ಒಂಬತ್ತು-ಎಂಟು-ಏಳಕ್ಕೆ ಬನ್ನಿ. ನೀವು ಪಾಟಿನಷ್ಟು, 4,300, ಹಾಕಿದಿರಿ, ಬಂದ. ಟರ್ನಿನಲ್ಲಿ 12,900 ಹಾಕಿದಿರಿ, ಬಂದ. ಇನ್ನೂ 20,800 ಉಳಿದಿದೆ. ಅದನ್ನೂ ತಳ್ಳಿದಾಗ ಬರುವವನು ಯಾರು? ನಿಮ್ಮ ಒಂದು ಜೋಡಿಗೆ ಸೋಲುವಂಥವನು ಹೆಚ್ಚುಕಡಿಮೆ ಟರ್ನಿನಲ್ಲೇ ಎದ್ದು ಹೋಗಿರುತ್ತಾನೆ. ಪಾಟ್ ಬೆಳೆದಷ್ಟೂ ಎದುರಿಗೆ ಉಳಿದವನ ಕೈ ಒಳ್ಳೆಯದಾಗುತ್ತ ಹೋಗುತ್ತದೆ, ನಿಮ್ಮದು ಇದ್ದಲ್ಲೇ ಇರುತ್ತದೆ. ಏಳರ ಜೋಡಿಯೆದುರು ಫ್ಲಾಪಿಗೆ ಮೊದಲು ನೂರಕ್ಕೆ 80 ಇದ್ದ ನಿಮ್ಮ ಭಾಗ್ಯ, ಏಳರ ಸೆಟ್ ಆದ ಕ್ಷಣದಲ್ಲಿ ಹತ್ತರಲ್ಲಿ ಒಂದರಷ್ಟೂ ಇಲ್ಲ. ಆದರೆ ಆಟಗಾರನ ತಲೆಯಲ್ಲಿ ಆ 80 ಅಚ್ಚೊತ್ತಿ ಕೂತಿರುತ್ತದೆ. ಎಲ್ಲಾ ಮುಗಿದ ಮೇಲೆ ಅವನು ಹೇಳುವುದೂ ಅದನ್ನೇ: “ನಾನು ಎಂಬತ್ತು ಪರ್ಸೆಂಟ್ ಮುಂದಿದ್ದೆ.”

5 ಅಥವಾ 6. ದೀರ್ಘಾವಧಿಯ ಸಿದ್ಧಾಂತ

ಸೋತವನಿಗೆ ಶಾಸ್ತ್ರ ಕೊಡುವ ಸಮಾಧಾನ ಒಂದಿದೆ: ನಿರ್ಧಾರ ಸರಿಯಿತ್ತು, ಫಲಿತಾಂಶ ಮುಖ್ಯವಲ್ಲ, ದೀರ್ಘಾವಧಿಯಲ್ಲಿ ಎಲ್ಲ ಸಮವಾಗುತ್ತದೆ. ಗೀತೆಯನ್ನು ಇಷ್ಟು ಅಗ್ಗಕ್ಕೆ ಬೇರೆ ಯಾರೂ ಮಾರಿಲ್ಲ.

2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನ ಕ್ಯಾಸಿನೊದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ನುರಿತ ಆಟಗಾರರ ಜೊತೆ ಒಬ್ಬೊಬ್ಬರಾಗಿ ಆಡಿತು. ಸಂಚಯ ಇನ್ನೂರು ಬಿಗ್ ಬ್ಲೈಂಡ್, ಆಳಸಂಚಯವೇ. ಒಟ್ಟು 1,20,000 ಕೈ. ಕೊನೆಗೆ ಅದು 17 ಲಕ್ಷ ಡಾಲರಿಗೂ ಹೆಚ್ಚು ಮೌಲ್ಯದ ಚಿಪ್ಸ್ ಮುಂದಿತ್ತು. ಅದು ಎಕ್ಕವನ್ನು ಪ್ರೀತಿಸಲಿಲ್ಲ, ಸಿಟ್ಟಾಗಲಿಲ್ಲ. ಕೈ ಮುಗಿಯುತ್ತಲೂ ಇಬ್ಬರ ಸಂಚಯವನ್ನೂ ಮತ್ತೆ ಮೊದಲಿನಷ್ಟೇ ತುಂಬುವ ನಿಯಮವಿತ್ತು. ಅಂಥವರಿಗೆ ದೀರ್ಘಾವಧಿ ಇದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರನೇ ಪಾಳಿ ಮಾಡಿ, ತಿಂಗಳ ಒಂದನೇ ತಾರೀಕಿಗೆ ಸಂಬಳ, ಐದಕ್ಕೆ ಕಂತು ಇರುವ ಹುಡುಗನಿಗೆ ಯಾವ ದೀರ್ಘಾವಧಿ? ಅವನ ದೀರ್ಘಾವಧಿ ನಾಲ್ಕನೇ ತಾರೀಕಿಗೆ ಮುಗಿಯುತ್ತದೆ. ಆಡಿಸುವವನು ಪಾಟಿನಿಂದ ತನ್ನ ಪಾಲು ಎತ್ತಿಕೊಳ್ಳುತ್ತಲೇ ಇರುತ್ತಾನೆ, ಗೆದ್ದವನಿಂದಲೂ ಸೋತವನಿಂದಲೂ. ಮನುಷ್ಯರಲ್ಲಿ ದೀರ್ಘಾವಧಿ ಇರುವುದು ಅವನೊಬ್ಬನಿಗೆ.

ನ್ಯಾಯಶಾಸ್ತ್ರವನ್ನೂ ಇಲ್ಲೇ ಮುಗಿಸೋಣ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್, ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದು ಅದೃಷ್ಟದ ಆಟ ಎಂದಿತು. ಅದೇ ಐವತ್ತೆರಡು ಎಲೆ ಬೆಂಗಳೂರಿನಲ್ಲಿ ಕೌಶಲ, ಅಹಮದಾಬಾದಿನಲ್ಲಿ ಜೂಜು. ರೈಲಿನಲ್ಲಿ ಆಡಿದರೆ ಯಾವ ನಿಲ್ದಾಣದ ಬಳಿ ಕೌಶಲವು ಅದೃಷ್ಟವಾಗುತ್ತದೆ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ. 2021ರಲ್ಲಿ ಕರ್ನಾಟಕ ಸರ್ಕಾರ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಬೇಡ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವೇ ಬೇಡ ಎಂದು ಕಾನೂನು ಮಾಡಿತು.

ಅಷ್ಟರೊಳಗೆ ಎಷ್ಟು ವರ್ಷ ಕಳೆದಿತ್ತು ನೋಡಿ. ಆ ಅವಧಿಯಲ್ಲೆಲ್ಲ ಟಿವಿ ಜಾಹೀರಾತುಗಳಲ್ಲಿ ಸಿನಿಮಾದವರು, ಕ್ರಿಕೆಟಿನವರು ಬಂದು “ಬುದ್ಧಿ ಇದ್ದರೆ ಗೆಲ್ಲಬಹುದು” ಎಂಬರ್ಥದ ಮಾತಾಡಿ ಹೋದರು. ಚಟ ಹತ್ತಬಹುದು, ಹಣ ಹೋಗಬಹುದು ಎಂಬ ಎಚ್ಚರಿಕೆಯನ್ನು ಮಾತ್ರ ಕೊನೆಯಲ್ಲಿ ಯಾರೋ ಉಸಿರು ಬಿಡದೆ ಓದಿ ಮುಗಿಸುತ್ತಿದ್ದ. “ಕೌಶಲ” ಅಂದರೆ ಸೋತದ್ದು ನಿನ್ನ ತಪ್ಪು ಎಂದರ್ಥ. ಅದೃಷ್ಟದ ಆಟದಲ್ಲಿ ಸೋತವನು ದೇವರನ್ನು ಬೈದು ಮನೆಗೆ ಹೋಗುತ್ತಾನೆ. ಕೌಶಲದ ಆಟದಲ್ಲಿ ಸೋತವನು ಇನ್ನಷ್ಟು ಕಲಿಯಲು ವಾಪಸ್ ಬರುತ್ತಾನೆ. ಆ ಒಂದು ಪದದ ಮೇಲೆ ಎಷ್ಟು ಮನೆಗಳ ಒಡವೆ ಗಿರವಿ ಅಂಗಡಿಗೆ ಹೋಯಿತೋ. ಲೆಕ್ಕ ಬಲ್ಲ, ಗಣಿತ ಬಲ್ಲ, ಪುರುಸೊತ್ತಿದ್ದರೆ ಏನಾದರೂ ಕಟ್ಟಬಲ್ಲ ಒಂದು ತಲೆಮಾರಿನ ಹುಡುಗರು, ಅಪರಿಚಿತನೊಬ್ಬನ ಬಳಿ ಏಳರ ಜೋಡಿ ಇದೆಯೇ ಇಲ್ಲವೇ ಎಂದು ರಾತ್ರಿಯಿಡೀ ಯೋಚಿಸಿದರು. ಸಿಟ್ಟು ಬರುತ್ತದೆ. ಇದಕ್ಕೆ ಪಾರಿಭಾಷಿಕ ಪದ ಬೇಕಾಗಿಲ್ಲ.

ಪ್ರಬಂಧಕಾರನು ಈ ವಿಷಯವನ್ನು ಆಯ್ದುಕೊಂಡ ಹಿನ್ನೆಲೆಯನ್ನು ಪೀಠಿಕೆಯಲ್ಲೇ ಹೇಳಬೇಕಿತ್ತು. ನಮ್ಮ ಮನೆಯ ಮಹಡಿ ಮೇಲೆ ಒಬ್ಬ ಹುಡುಗ ಬಾಡಿಗೆಗಿದ್ದಾನೆ. ಒಳ್ಳೆಯವನೇ, ಬುದ್ಧಿವಂತ. ಆನ್‌ಲೈನ್ ಆಟದ ಆ್ಯಪ್ ನಿಂತ ಮೇಲೆ ಗೆಳೆಯರ ಫ್ಲ್ಯಾಟುಗಳಲ್ಲಿ ಆಡುತ್ತಾನೆ. ಬಾಡಿಗೆ ಕೇಳಲು ಹೋದಾಗಲೆಲ್ಲ ನನಗೆ ಈಕ್ವಿಟಿ, ವೇರಿಯನ್ಸ್, ರೇಂಜ್ ಸಿಕ್ಕಿವೆ. ಮೊನ್ನೆ ಕಾಗದದಲ್ಲಿ ಎಲೆಗಳನ್ನು ಬರೆದು ತೋರಿಸಿದ. ಎಕ್ಕದ ಜೋಡಿ, ಒಂಬತ್ತು-ಎಂಟು-ಏಳು, ಪೂರ್ತಿ ನಲವತ್ತು ಸಾವಿರ.

“ಸರಿಯಾಗೇ ಆಡಿದೀನಿ ತಾನೇ ಅಂಕಲ್?”

“ಟರ್ನಲ್ಲಿ ಬಿಡಬೇಕಿತ್ತಪ್ಪ.”

“ಎಕ್ಕದ ಜೋಡಿ ಬಿಡೋದಾ?” ನಾನೇನೋ ಕೆಟ್ಟ ಮಾತಾಡಿದೆನೆಂಬಂತೆ ನೋಡಿದ.

ಆಮೇಲೆ ಬಾಡಿಗೆ ಬಾಕಿ ಹಾಗೇ ಇರಲಿ, ಸದ್ಯಕ್ಕೆ ಒಂದು ಹತ್ತು ಸಾವಿರ ಇದ್ದರೆ ಕೊಡಿ, ಶನಿವಾರದ ಆಟದಲ್ಲಿ ಎಲ್ಲರೂ ಅರೆಬರೆ ಆಡುವವರೇ ಬರುತ್ತಾರೆ ಎಂದ. ಇಲ್ಲ ಎಂದೆ. ಬೇಸರ ಮಾಡಿಕೊಳ್ಳಲಿಲ್ಲ. ನನ್ನಂಥವರಿಗೆ ರಿಸ್ಕ್ ಅವರ್ಶನ್ ಎಂಬ ಒಂದು ದೋಷ ಇರುತ್ತದೆಂದೂ, ದೀರ್ಘಾವಧಿಯಲ್ಲಿ ಅದರಿಂದ ನನಗೆ ಎಷ್ಟು ನಷ್ಟವೆಂದೂ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಅರ್ಧ ಗಂಟೆ ವಿವರಿಸಿದ.