ತೃಣಚ್ಛೇದಕಧಾರಾ ಮೀಮಾಂಸೆ

ಕ್ಷೌರದ ಕತ್ತಿ, ಅಡಕತ್ತರಿ, ಈಳಿಗೆಮಣೆ, ಬಡಗಿಯ ಉಳಿ ಇವುಗಳಿಗೆ ಸಾಣೆ ಹಿಡಿಯುವ ವಿಧಿಯು ಗುರುಶಿಷ್ಯಪರಂಪರೆಯಿಂದಲೂ, ಅದಿಲ್ಲದೆಡೆ ಅತ್ತೆಸೊಸೆಯರ ಪರಂಪರೆಯಿಂದಲೂ ನಮ್ಮಲ್ಲಿ ಅವಿಚ್ಛಿನ್ನವಾಗಿ ನಡೆದುಬಂದಿದೆಯಾದರೂ, ಮನೆಯ ಮುಂದಣ ಹುಲ್ಲುಹಾಸನ್ನು ಕತ್ತರಿಸುವ, ಲೋಕದಲ್ಲಿ ಲಾನ್ ಮೂವರ್ ಎಂದು ಪ್ರಸಿದ್ಧವಾದ ಯಂತ್ರದ ಅಲಗನ್ನು ಮನೆಯಲ್ಲಿಯೇ ಹರಿತಗೊಳಿಸುವ ಬಗೆಗೆ ಒಂದು ಸೂತ್ರವಾಗಲಿ, ಸೂತ್ರಕ್ಕೊಂದು ವೃತ್ತಿಯಾಗಲಿ, ವೃತ್ತಿಗೊಂದು ಖಂಡನೆಯಾಗಲಿ ನಮ್ಮ ಪಂಡಿತರಿಂದ ಹೊರಡದಿರುವುದು ಅವರ ಔದಾಸೀನ್ಯಕ್ಕೆ ನಿದರ್ಶನವೇ ಸರಿ. ಡಲ್ಲಾಸ್, ಹ್ಯೂಸ್ಟನ್, ಅಟ್ಲಾಂಟಾ ಮೊದಲಾದ ಪಟ್ಟಣಗಳ ಹೊರವಲಯಗಳಲ್ಲಿ ಮನೆಮಾಡಿಕೊಂಡು, ಶನಿವಾರದ ಪೂರ್ವಾಹ್ಣವೆಲ್ಲ ಆ ಯಂತ್ರದ ಹಿಂದೆ ನಡೆಯುವುದನ್ನೇ ವ್ರತವಾಗಿ ಕೈಕೊಂಡಿರುವ ನಮ್ಮ ನಾಡಿನ ಗೃಹಸ್ಥರ ಉಪಕಾರಾರ್ಥವಾಗಿ ಈ ಅಲ್ಪ ಗ್ರಂಥವನ್ನು ಆರಂಭಿಸಲಾಗಿದೆ.

ಅಧಿಕಾರಿ ನಿರೂಪಣ

ವೇದಾಂತಶ್ರವಣಕ್ಕೆ ಬರುವವನಲ್ಲಿ ವಿವೇಕ, ವೈರಾಗ್ಯ, ಶಮಾದಿ ಷಟ್ಕ, ಮುಮುಕ್ಷುತ್ವ ಎಂಬ ಸಾಧನಚತುಷ್ಟಯವಿರಬೇಕೆಂದು ಆಚಾರ್ಯರು ವಿಧಿಸಿರುವಂತೆ, ಈ ಶಾಸ್ತ್ರಕ್ಕೆ ಬರುವವನಲ್ಲಿ ಅರ, ಸ್ಪ್ಯಾನರು, ಒಂದು ಮರದ ತುಂಡು, ಗೋಡೆಗೆ ಬಡಿದ ಒಂದು ಮೊಳೆ ಎಂಬ ಚತುಷ್ಟಯವಿರತಕ್ಕದ್ದು. ದಪ್ಪ ಚರ್ಮದ ಕೈಗವಸು ಐದನೆಯದಾಯಿತಲ್ಲವೇ ಎಂದು ಶಂಕಿಸಿದರೆ, ಈ ಕರ್ಮದಲ್ಲಿ ಅದು ಕೈಯ ಚರ್ಮವೇ ಆದುದರಿಂದ ಪ್ರತ್ಯೇಕವಾಗಿ ಎಣಿಸಲಿಲ್ಲವೆಂದು ಸಮಾಧಾನ. ವೈರಾಗ್ಯವನ್ನು ಇಲ್ಲಿ ಮುಂಚಿತವಾಗಿ ಸಂಪಾದಿಸಬೇಕಾದುದಿಲ್ಲ. ನಟ್ಟು ತುಕ್ಕು ಹಿಡಿದಿದ್ದರೆ ಅದು ತಾನಾಗಿಯೇ ಒದಗುತ್ತದೆ.

ಪೂರ್ವಚರಿತ್ರೆ

ಈ ಯಂತ್ರದ ಉತ್ಪತ್ತಿ ಇಂಗ್ಲೆಂಡಿನ ಗ್ಲೌಸ್ಟರ್‌ಷೈರಿನಲ್ಲಿ. ಅಲ್ಲಿಯ ಸ್ಟ್ರೌಡ್ ಪ್ರಾಂತದ ಉಣ್ಣೆಯ ಗಿರಣಿಗಳಲ್ಲಿ, ನೇಯ್ದ ಬಟ್ಟೆಯ ಮೇಲೆದ್ದ ಜುಂಗನ್ನು ಸಮನಾಗಿ ಸವರಲು ಸುರುಳಿಯಲಗುಗಳ ಒಂದು ಉರುಳೆ ಬಳಕೆಯಲ್ಲಿದ್ದುದನ್ನು ಕಂಡ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲನು, ನೆಲದ ಮೇಲೆದ್ದ ಹುಲ್ಲಿಗೂ ಅದೇ ಸಂಸ್ಕಾರವನ್ನು ಏಕೆ ಮಾಡಬಾರದೆಂದು ಯೋಚಿಸಿ, 1830ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದಕ್ಕೆ ಮುಂಚೆ ಸಿರಿವಂತರ ಹುಲ್ಲುಹಾಸನ್ನು ಇಬ್ಬನಿ ಆರುವ ಮೊದಲೇ ಆಳುಗಳು ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ಯುತ್ತಿದ್ದರು. ಎಷ್ಟೋ ಕಡೆ ಕುರಿಗಳು ಮೇದು ಆ ಕೆಲಸವನ್ನು ಮುಗಿಸುತ್ತಿದ್ದವು. ಕುರಿಯ ಉಣ್ಣೆಯನ್ನು ಸವರುತ್ತಿದ್ದ ಯಂತ್ರವೇ ಈಗ ಕುರಿಯ ಮೇವನ್ನೂ ಸವರತೊಡಗಿದುದರಿಂದ ಆ ಸಾಧುಪ್ರಾಣಿಗೆ ಉಭಯತೋಭ್ರಷ್ಟತ್ವ ಪ್ರಾಪ್ತವಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರು ಶ್ವೇತಭವನದ ಅಂಗಳಕ್ಕೆ ಕುರಿಮಂದೆಯೊಂದನ್ನು ಬಿಟ್ಟು ಮೇಯಿಸಿದುದೂ, ಅವುಗಳ ಉಣ್ಣೆಯನ್ನು ಹರಾಜು ಹಾಕಿ ಬಂದ ಹಣ ರೆಡ್ ಕ್ರಾಸ್ ಸಂಸ್ಥೆಗೆ ಸಂದುದೂ ಈ ಅನ್ಯಾಯಕ್ಕೆ ತಕ್ಕ ಪ್ರಾಯಶ್ಚಿತ್ತವೆಂದು ನಮ್ಮ ಮತ.

ಬಡ್ಡಿಂಗನ ಉರುಳೆಯು ಹುಲ್ಲನ್ನು ತನ್ನ ಅಲಗಿಗೂ ಕೆಳಗಣ ಸ್ಥಿರವಾದ ಅಲಗಿಗೂ ನಡುವೆ ಸಿಕ್ಕಿಸಿ ಕತ್ತರಿಸುವುದು. ಅದಕ್ಕೆ ಅರೆಯುವ ಲೇಹ್ಯವನ್ನು ಹಚ್ಚಿ, ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸಿ ಧಾರೆ ಕೊಡುವ ಪದ್ಧತಿಯೇ ಬೇರೆಯಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಪ್ರಕೃತಗ್ರಂಥಕ್ಕೆ ವಿಷಯವಾದುದು, ಮುಚ್ಚಳದ ಅಡಿಯಲ್ಲಿ ಒಂದೇ ಅಲಗು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗಿ ಹುಲ್ಲನ್ನು ವೇಗಬಲದಿಂದಲೇ ತುಂಡರಿಸುವ ಜಾತಿ. ಅಲಗಿನ ತುದಿಗೆ ಅಮೆರಿಕದ ಸುರಕ್ಷತಾ ಮಾನದಂಡವು ವಿಧಿಸಿರುವ ಮಿತಿ ನಿಮಿಷಕ್ಕೆ 19,000 ಅಡಿ, ಎಂದರೆ ಗಂಟೆಗೆ ಸುಮಾರು 347 ಕಿಲೋಮೀಟರು. ಓಡಿಹೋಗಲು ಕಾಲಿಲ್ಲದ ಶತ್ರುವಿನ ಮೇಲೆ ಮನುಷ್ಯನು ಇಷ್ಟು ವೇಗವಾಗಿ ಎರಗುವನೆಂಬುದು ವಿಚಾರಾರ್ಹ.

ಪೂರ್ವಪಕ್ಷ ಖಂಡನ

ಇಲ್ಲಿ ನಾಲ್ಕು ಪೂರ್ವಪಕ್ಷಗಳುಂಟು. ಮೊಂಡಾದರೇನಂತೆ, ತಿರುಗುತ್ತದಲ್ಲ, ಎನ್ನುವವರು ಅಧಾರಾವಾದಿಗಳು. ಇವರ ಅಂಗಳದಲ್ಲಿ ಹುಲ್ಲಿನ ಎಸಳು ಕತ್ತರಿಸಿಹೋಗದೆ ಹರಿದುಹೋಗುವುದರಿಂದ ತುದಿಯು ನಾರುನಾರಾಗಿ ಸೀಳಿ, ಒಂದೆರಡು ದಿನಗಳಲ್ಲಿ ಬಿಳಿಚಿ ಕಂದಾಗಿ, ಹಾಸಿನ ಹಸುರೆಲ್ಲ ಮಂಕಾಗುವುದು. ಆ ಗಾಯದಿಂದ ನೀರು ಹೊರಹೋಗುವುದು, ರೋಗ ಒಳಹೊಗುವುದು. ಬಗ್ಗಿ ಒಂದು ಎಸಳನ್ನು ಕಿತ್ತು ನೋಡಿದರೆ ಪ್ರತ್ಯಕ್ಷವಾಗುವ ಸಂಗತಿಗೆ ಅನುಮಾನಪ್ರಮಾಣ ಬೇಡ.

ಹೊಸದನ್ನು ಕೊಂಡರಾಯಿತು ಎನ್ನುವವರು ಕ್ರಯವಾದಿಗಳು. ಬಿರುಕುಬಿಟ್ಟ, ಬಾಗಿದ, ಸವೆದು ತೆಳುವಾದ ಅಲಗಿನ ವಿಷಯದಲ್ಲಿ ಇವರ ಮತವೇ ಗ್ರಾಹ್ಯ. ಅಂಥದಕ್ಕೆ ಸಾಣೆ ಹಿಡಿಯುವುದು ಅಪಾಯ. ಮಿಕ್ಕೆಡೆ ಇವರ ವಾದಕ್ಕೆ ತರ್ಕದ ಆಧಾರಕ್ಕಿಂತ ಅಂಗಡಿಯವನ ಆಧಾರ ಹೆಚ್ಚು.

ಹಸುವನ್ನೇ ಕಟ್ಟಿರಿ, ಸಾಣೆಯ ಗೊಡವೆಯೇ ಇಲ್ಲ, ಎನ್ನುವವರು ಗೋವಾದಿಗಳು. ಹಾಲನ್ನೂ ಸಗಣಿಯನ್ನೂ ಕೊಡುವ ಹಸುವು ಸದ್ದನ್ನೂ ಹೊಗೆಯನ್ನೂ ಕೊಡುವ ಯಂತ್ರಕ್ಕಿಂತ ಮೇಲೆಂಬುದರಲ್ಲಿ ವಿವಾದವಿಲ್ಲ. ಆದರೆ ಹಸುವಿಗೆ ಮೇಲ್ದವಡೆಯ ಮುಂದುಗಡೆ ಹಲ್ಲೇ ಇಲ್ಲ; ನಾಲಗೆಯಿಂದ ಹುಲ್ಲನ್ನು ಸುತ್ತಿಕೊಂಡು, ಕೆಳಹಲ್ಲಿಗೂ ಮೇಲಣ ಗಟ್ಟಿ ವಸಡಿಗೂ ನಡುವೆ ಹಿಡಿದು ಜಗ್ಗುವುದೇ ಅದರ ಕ್ರಮ. ಆದುದರಿಂದ ಅಧಾರಾವಾದಿಗಳಿಗೆ ಹೇಳಿದ ದೋಷವೇ ಇಲ್ಲಿಯೂ ತಗಲುವುದು.

ಎಲ್ಲರಿಗಿಂತ ಪ್ರಬಲರು ಕ್ಷುರಧಾರಾವಾದಿಗಳು. ಮೀಸೆ ಬೋಳಿಸುವಷ್ಟು ಹರಿತವಾಗುವವರೆಗೆ ಇವರು ಅರವನ್ನು ಕೆಳಗಿಡರು. ಅಷ್ಟು ತೆಳುವಾದ ಅಂಚು ಮೊದಲು ಸಿಕ್ಕಿದ ಹರಳುಕಲ್ಲಿಗೇ ಮುರಿದೋ ಮಡಿಚಿಯೋ ಹೋಗುವುದೆಂಬುದನ್ನು ಇವರು ನೆನೆಯಲೊಲ್ಲರು. ಕತ್ತರಿಸುವ ಕಾರ್ಯದಲ್ಲಿ ಬಹುಭಾಗವನ್ನು ವೇಗವೇ ನಿರ್ವಹಿಸುವುದರಿಂದ, ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕುವಿನಷ್ಟು ಹರಿತವೇ ಈ ಅಲಗಿಗೆ ಸಾಕು. ಆದುದರಿಂದ ಮಧ್ಯಮಧಾರೆಯೇ ಸಿದ್ಧಾಂತ.

ಪ್ರಯೋಗವಿಧಿ

ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಿತ್ತು ದೂರ ಸರಿಸತಕ್ಕದ್ದು. ಬ್ಯಾಟರಿಯ ಯಂತ್ರವಾದರೆ ಬ್ಯಾಟರಿಯನ್ನೇ ತೆಗೆದಿಡತಕ್ಕದ್ದು. ಈ ವಿಧಿಗೆ ವಿಕಲ್ಪವಿಲ್ಲ. ಅಲಗನ್ನು ಕೈಯಿಂದ ತಿರುಗಿಸಿದಾಗ ಎಂಜಿನ್ನು ಒಂದೇ ಒಂದು ಸಲ ಎಚ್ಚೆತ್ತರೂ ಶಾಸ್ತ್ರಾಭ್ಯಾಸವು ಅಲ್ಲಿಗೆ ಸಮಾಪ್ತವಾಗುವುದು. ಅನಂತರ, ಗಾಳಿ ಸೋಸುವ ಭಾಗವು ಮೇಲಾಗುವಂತೆ ಯಂತ್ರವನ್ನು ಓರೆಮಾಡಬೇಕು. ಕೆಳಗಾದರೆ ಎಣ್ಣೆಯು ಅಲ್ಲಿಗಿಳಿದು, ಮುಂದಿನ ಶನಿವಾರ ಅಂಗಳವೆಲ್ಲ ಹೋಮಧೂಮದಿಂದ ತುಂಬೀತು. ಮರದ ತುಂಡನ್ನು ಅಡ್ಡಲಾಗಿರಿಸಿ ಅಲಗು ತಿರುಗದಂತೆ ತಡೆದು, ನಟ್ಟನ್ನು ಬಿಚ್ಚುವ ಮುನ್ನ ನೆಲದ ಕಡೆಯ ಮೈಗೆ ಬಣ್ಣದ ಗುರುತು ಹಾಕತಕ್ಕದ್ದು. ಮಗುಚಿ ಕೂರಿಸಿದ ಅಲಗು ಎಷ್ಟು ಹರಿತವಾಗಿದ್ದರೂ ಬೆನ್ನನ್ನು ಮುಂದುಮಾಡಿಕೊಂಡು ತಿರುಗುವುದರಿಂದ, ಹುಲ್ಲನ್ನು ಬಡಿಯುವುದಲ್ಲದೆ ಕತ್ತರಿಸಲಾರದು.

ಬಿಚ್ಚಿದ ಅಲಗನ್ನು ವೈಸಿನಲ್ಲಿ ಬಿಗಿದು, ಓರೆಯುಳ್ಳ ಮೈಯನ್ನು ಮಾತ್ರ, ಮೊದಲಿದ್ದ ಓರೆಯನ್ನೇ ಅನುಸರಿಸಿ ಉಜ್ಜಬೇಕು. ಅರವು ಮುಂದಕ್ಕೆ ತಳ್ಳುವಾಗ ಮಾತ್ರ ಕೊರೆಯುವುದು. ಹಿಂದಕ್ಕೆಳೆಯುವಾಗಲೂ ಒತ್ತುವವನಿಗೆ ಅರದ ಹಲ್ಲು ಸವೆಯುವುದೊಂದೇ ಫಲ. ಸ್ವಲ್ಪ ಹೊತ್ತಿಗೆ ಕರಿಗಟ್ಟಿದ ಅಂಚಿನಲ್ಲಿ ಬೆಳ್ಳನೆಯ ಗೆರೆಯೊಂದು ಮೂಡಿ, ಮೆಲ್ಲನೆ ಅಗಲವಾಗುತ್ತ ಬಂದು, ಕಲ್ಲಿಗೆ ತಾಗಿ ಬಿದ್ದ ಕಚ್ಚುಗಳನ್ನು ಒಂದೊಂದಾಗಿ ನುಂಗುವುದು. ಅರದ ಕರಕರ ಶಬ್ದವು ಸರಸರವಾಗುವುದು. ಹಿಂಬದಿಯಲ್ಲಿ ಬೆರಳನ್ನು ಹಗುರವಾಗಿ ಅಂಚಿನ ಹೊರಕ್ಕೆ ಸರಿಸಿದರೆ ನವಿರಾದ ಉಕ್ಕಿನ ತರಿ ತಾಗುವುದು. ಆ ತರಿಯನ್ನು ಒಮ್ಮೆ ಸವರಿ ತೆಗೆದರೆ ಧಾರೆ ಸಿದ್ಧ. ಇಷ್ಟು ತಾಳ್ಮೆಯಿಲ್ಲದೆ ವಿದ್ಯುತ್ತಿನ ಸಾಣೆಚಕ್ರವನ್ನು ಹಿಡಿಯುವವರು ಅಲಗನ್ನು ಆಗಾಗ ನೀರಿನಲ್ಲಿ ಅದ್ದಿ ತಣಿಸತಕ್ಕದ್ದು. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿಗೆ ಕಾದು ನೀಲಿಗಟ್ಟಿತೆಂದರೆ, ಕಮ್ಮಾರನು ಕೊಟ್ಟ ಹದ ಕೆಟ್ಟಿತೆಂದೇ ತಿಳಿಯಬೇಕು.

ಕೊನೆಯದು ತುಲಾಪರೀಕ್ಷೆ. ಅಲಗಿನ ನಡುವಣ ತೂತನ್ನು ಮೊಳೆಗೆ ಸಿಕ್ಕಿಸಿ ಅಡ್ಡಲಾಗಿ ಬಿಟ್ಟರೆ, ಯಾವ ತುದಿ ಕೆಳಕ್ಕೆ ವಾಲುವುದೋ ಅದನ್ನು ಇನ್ನಷ್ಟು ಉಜ್ಜಬೇಕು. ಸಮತೂಕವಿಲ್ಲದ ಅಲಗು ಯಂತ್ರವನ್ನೆಲ್ಲ ನಡುಗಿಸಿ ಬೇರಿಂಗುಗಳನ್ನು ಕೆಡಿಸುವುದು. ಲೋಕದ ಅನೇಕ ಸಭೆಗಳಲ್ಲಿ ಭಾರವುಳ್ಳವನೇ ಗೆಲ್ಲುವನಾದರೂ, ಈ ಮೊಳೆಯ ಮುಂದೆ ಮಾತ್ರ ಭಾರವುಳ್ಳವನೇ ಸವೆಯಬೇಕು.

ಫಲವಿಚಾರ

ಯಾಗದ ಫಲವು ಯಜಮಾನನಿಗೆ, ಋತ್ವಿಜರಿಗೆ ದಕ್ಷಿಣೆ ಮಾತ್ರವೆಂಬುದು ಮೀಮಾಂಸಕರ ನಿರ್ಣಯ. ಹಾಗಾದರೆ ಈ ಕರ್ಮದಲ್ಲಿ ಯಜಮಾನನಾರು? ಮನೆಯೊಡೆಯನೆಂದು ಮೇಲ್ನೋಟಕ್ಕೆ ತೋರಿದರೂ ಅದು ವಿಚಾರಕ್ಕೆ ನಿಲ್ಲದು. ಹುಲ್ಲು ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ತುದಿಯನ್ನು ಹದವರಿತು ಕತ್ತರಿಸುತ್ತಿದ್ದರೆ ಅದು ಬುಡದಲ್ಲಿ ಕವಲೊಡೆದು ದಟ್ಟವಾಗುವುದು. ತುದಿಯಲ್ಲಿ ಕುಡಿಯನ್ನಿಟ್ಟುಕೊಂಡು ಮೇಲೇಳುವ ಗಿಡಮರಗಳ ಸಸಿಗಳನ್ನು ಅದೇ ಅಲಗು ತರಿದುಹಾಕುವುದರಿಂದ, ಹುಲ್ಲಿಗೆ ದಾಯಾದಿಗಳ ಭಯವೂ ತಪ್ಪುವುದು. ಇಷ್ಟು ಉಪಕಾರವನ್ನು ಕೈಕೊಂಡ ಹುಲ್ಲು, ತನ್ನ ಎಸಳಿನೊಳಗೆ ಕೂಡಿಟ್ಟ ಸಿಲಿಕದ ಕಣಗಳಿಂದಲೂ, ಬುಡದಲ್ಲಿ ಅಡಗಿಸಿಟ್ಟ ಮರಳಿನಿಂದಲೂ ಅಲಗನ್ನು ಮೊಂಡುಮಾಡಿ, ಸುಮಾರು 25 ಗಂಟೆಗಳ ದುಡಿಮೆಯಾಗುತ್ತಲೇ ಗೃಹಸ್ಥನನ್ನು ಮರಳಿ ಅರದ ಬಳಿಗೆ ಅಟ್ಟುವುದು. ಆದುದರಿಂದ ಹುಲ್ಲೇ ಯಜಮಾನ. ಪೆಟ್ರೋಲಿನ ಖರ್ಚನ್ನೂ ತಾನೇ ತೆತ್ತು ದಕ್ಷಿಣೆಯಿಲ್ಲದೆ ದುಡಿಯುವ ಗೃಹಸ್ಥನು ಋತ್ವಿಜ. ಇಷ್ಟು ಅಂಗುಲಕ್ಕಿಂತ ಹೆಚ್ಚಾಗಿ ಹುಲ್ಲು ಬೆಳೆಯಬಿಟ್ಟವನಿಗೆ ದಂಡ ವಿಧಿಸುವ ಕಟ್ಟಳೆಗಳು ಅಮೆರಿಕದ ಅನೇಕ ಊರುಗಳಲ್ಲಿ ಜಾರಿಯಲ್ಲಿರುವುದು ಇದಕ್ಕೆ ಶಬ್ದಪ್ರಮಾಣ.

ಇನ್ನೊಂದು ಉಪಬಲವೂ ಉಂಟು. ಆ ದೇಶದ ದಕ್ಷಿಣದ ರಾಜ್ಯಗಳಲ್ಲಿ ಬರ್ಮುಡಾ ಹುಲ್ಲೆಂದು ಹೆಸರಾಗಿರುವುದೂ, ಸಸ್ಯಶಾಸ್ತ್ರಜ್ಞರು ಸೈನೊಡಾನ್ ಡ್ಯಾಕ್ಟಿಲಾನ್ ಎಂದು ಕರೆಯುವುದೂ ನಮ್ಮ ಗರಿಕೆಯೇ. ವಸಂತದಿಂದ ಮೊದಲ್ಗೊಂಡು ವಾರವಾರವೂ ಅದನ್ನು ಸವರಿ, ಚೀಲ ತುಂಬಿ ಬೀದಿಯ ಅಂಚಿಗಿಟ್ಟ ಗೃಹಸ್ಥನು, ಚೌತಿಯ ಬೆಳಿಗ್ಗೆ “ರೀ, ಗಣಪತಿಗೆ 21 ಗರಿಕೆ ಬೇಕಲ್ಲ” ಎಂದು ಹೆಂಡತಿ ಕೇಳಲಾಗಿ, ಅಂಗಳದಲ್ಲಿರುವುದೊಂದೂ ಕೈಗೆ ಸಿಕ್ಕುವಷ್ಟು ಉದ್ದವಿಲ್ಲದೆ, ಕಾರು ಹತ್ತಿ ಅಂಗಡಿ ಹುಡುಕುವ ಪ್ರಸಂಗ ಬರುವುದುಂಟು. ಆದುದರಿಂದ ಓದುಗ ಮಹಾಶಯರಲ್ಲಿ ವಿಜ್ಞಾಪನೆ: ಕಳೆನಾಶಕವನ್ನು ಸಿಂಪಡಿಸದ ಒಂದು ಮೂಲೆಯನ್ನು ಚೌತಿಗೆ ಎರಡು ವಾರ ಮುಂಚಿನಿಂದ ಅಲಗಿಗೆ ಕೊಡದೆ ಉಳಿಸಿರಿ, ಮಿಕ್ಕ ಅಂಗಳವನ್ನು, ನಟ್ಟು ಬಿಗಿಯಾಗಿದೆಯೆಂದು ಮತ್ತೊಮ್ಮೆ ನೋಡಿಕೊಂಡು, ನಿಶ್ಚಿಂತೆಯಿಂದ ಕತ್ತರಿಸಿರಿ.