ಬಫರ್ ರಾಯರು

ಬೆಂಗಳೂರಿನ ಹಳೆಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಚೆ, ಜೇಬಿನಲ್ಲಿ ಇನ್ನೂ ಇಂಕು ಪೆನ್ನು, ಮೇಜಿನ ಮೇಲೆ ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕ, ಅದಕ್ಕೆ ಕಂದು ಕಾಗದದ ಹೊದಿಕೆ. ಮ್ಯಾನೇಜರ್ ಆಗಿ ಎಂದರೆ ಒಲ್ಲೆ ಎಂದವರು. ನಿಮ್ಮ ಕೋಡಿನ ರಿವ್ಯೂ ಇವರ ಕೈಗೆ ಹೋಯಿತೆಂದರೆ ನಿಮ್ಮ ಶನಿವಾರವೂ ಹೋಯಿತೆಂದೇ ಲೆಕ್ಕ. ನಮ್ಮ ಪಾಲಿಗೆ ಬಂದವರನ್ನು ನಾವು ಬೆನ್ನ ಹಿಂದೆ ಬಫರ್ ರಾಯರು ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು; ಬಿರುದೆಂದೇ ತಿಳಿದಿದ್ದರು.

ರಾಯರಿಗೆ ಇದ್ದದ್ದು ಒಂದೇ ಚಿಂತೆ: ಒಂದು ಸ್ಟ್ರಿಂಗಿನ, ಅಂದರೆ ಅಕ್ಷರಗಳ ಸಾಲಿನ, ಬಾಲಕ್ಕೆ ಇನ್ನೊಂದನ್ನು ಅಂಟಿಸುವಾಗ ಬಫರಿನಲ್ಲಿ, ಅದಕ್ಕೆಂದು ಮೀಸಲಿಟ್ಟ ಮೆಮೊರಿಯಲ್ಲಿ, ಜಾಗ ಇದೆಯೇ? ಸಿ ಭಾಷೆಯ ಸ್ಟ್ರ್‌ಕ್ಯಾಟ್ ಎಂಬ ಫಂಕ್ಷನ್ನು ಇದನ್ನು ಕೇಳುವ ಗೋಜಿಗೆ ಹೋಗುವುದಿಲ್ಲ. ಜಾಗ ಮುಗಿದರೂ ಅಂಟಿಸುತ್ತಲೇ ಹೋಗಿ ಪಕ್ಕದ ಮೆಮೊರಿಯ ಮೇಲೆ ಬರೆದುಬಿಡುತ್ತದೆ. “ಮೂವತ್ತು ನಲವತ್ತರ ಸೈಟು ಕೊಂಡು ಪಕ್ಕದವರ ಅಂಗಳದಲ್ಲಿ ಬಚ್ಚಲು ಕಟ್ಟಿದ ಹಾಗೆ ಇವ್ರೆ!” ಎಂದು ರಾಯರು ಕನ್ನಡಕ ತೆಗೆಯುತ್ತಿದ್ದರು. ಕನ್ನಡಕ ತೆಗೆದರೆಂದರೆ ಕಾಫಿ ಆರಿತೆಂದೇ ಅರ್ಥ.

ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಜಾಣತನದಿಂದ ಸ್ಟ್ರ್‌ಕ್ಯಾಟ್ ತೆಗೆದು ಸ್ಟ್ರ್‌ಎನ್‌ಕ್ಯಾಟ್ ಹಾಕಿ, ಅದು ಕೇಳುವ ಸಂಖ್ಯೆಯಾಗಿ ಬಫರಿನ ಅಳತೆ ಕೊಟ್ಟು, ಶಹಬ್ಬಾಸ್‌ಗೆ ಕಾದಳು. “ನೋಡಮ್ಮ, ಅದು ಒಟ್ಟು ಜಾಗ ಅಲ್ಲ. ಇನ್ನು ಎಷ್ಟು ಸೇರಿಸಬಹುದು ಅನ್ನೋದು. ಒಟ್ಟಿನಿಂದ ಈಗ ಇರೋದನ್ನ ಕಳಿ. ಆಮೇಲೆ ಇನ್ನೊಂದು ಕಳಿ.” “ಆ ಒಂದು ಯಾಕೆ ಸರ್?” ಎಂದಳು ಪಾಪ. ಸ್ಟ್ರಿಂಗ್ ಇಲ್ಲಿಗೆ ಮುಗಿಯಿತೆಂದು ಹೇಳಲು ಕೊನೆಯಲ್ಲಿ ಒಂದು ಸೊನ್ನೆ ಇರಲೇಬೇಕು. ರಾಯರ ಮಾತಿಗೆ ಮಾತ್ರ ಆ ಸೊನ್ನೆ ಇರಲಿಲ್ಲ.

ಕಚೇರಿಯೆಲ್ಲ ನವೆಂಬರ್ 1ಕ್ಕೆ ರಾಜ್ಯೋತ್ಸವ ಮಾಡಿದರೆ, ರಾಯರದು ಮರುದಿನ ಶ್ರಾದ್ಧ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಹಬ್ಬಿದ ಮಾರಿಸ್ ವರ್ಮ್ ಎಂಬ ಕುತಂತ್ರಾಂಶ ಯಂತ್ರಗಳ ಒಳಹೊಗಲು ಹಿಡಿದ ದಾರಿಗಳಲ್ಲಿ ಒಂದು, 512 ಬೈಟಿನ ಜಾಗಕ್ಕೆ 536 ಬೈಟು ತುರುಕುವುದು. ಅಲ್ಲಿ ಅಳತೆ ಕೇಳದೆ ಬಾಗಿಲು ತೆರೆದದ್ದು ಗೆಟ್ಸ್ ಎಂಬ ಫಂಕ್ಷನ್ನು. ಅದನ್ನು ಭಾಷೆಯಿಂದ ಹೊರಗಟ್ಟಲು 2011 ಬರಬೇಕಾಯಿತು. ಇನ್ನು ಅಂಟಿಸುವ ಕೆಲಸಕ್ಕೆ ಒಟ್ಟು ಅಳತೆಯನ್ನೇ ಕೇಳುವ ಸ್ಟ್ರ್‌ಎಲ್‌ಕ್ಯಾಟನ್ನು ಓಪನ್‌ಬಿಎಸ್‌ಡಿಯವರು 1998ರಲ್ಲೇ ಕೊಟ್ಟಿದ್ದರು. ಲಿನಕ್ಸಿನಲ್ಲಿ ಹೆಚ್ಚಿನವರು ಬಳಸುವ ಜಿಲಿಬ್‌ಸಿ ಅದನ್ನು ಒಳಗೆ ಬಿಟ್ಟುಕೊಂಡದ್ದು 2023ರಲ್ಲಿ. ಆ ದಿನ ರಾಯರು ಮೈಸೂರು ಪಾಕ್ ಹಂಚಿದರು. ಮಗಳ ಮದುವೆ ಗೊತ್ತಾಯಿತೆಂದು ನಾವೆಲ್ಲ ಕೈ ಕುಲುಕಿದೆವು.

ಮದುವೆ ಎಂದಾಗ ನೆನಪಾಯಿತು. ಸಹೋದ್ಯೋಗಿಯೊಬ್ಬರ ಮದುವೆಗೆ ರಾಯರೂ ನಾನೂ ಒಟ್ಟಿಗೆ ಹೋದೆವು. ಛತ್ರದ ಬಾಗಿಲಲ್ಲಿ ಹೆಸರು ಮಿನುಗುವ ಬೋರ್ಡು. ವರನ ಹೆಸರು ಊರು, ಅಜ್ಜ, ಅಪ್ಪ ಎಲ್ಲರನ್ನೂ ಹೊತ್ತು ಉದ್ದಕ್ಕೆ ಹೋಗಿ, ವಧುವಿಗೆ ಉಳಿದದ್ದು ಒಂದಕ್ಷರ. ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ಮಗಳ ಹೆಸರಿನ ಮುಂದೆ ಪ್ರಶ್ನೆ ಕಂಡು ಹೆಣ್ಣಿನ ತಂದೆ ಬೆವರುತ್ತಿದ್ದರು. ರಾಯರ ಮುಖ ಮಾತ್ರ ಅರಳಿತು. ಬೋರ್ಡಿನ ಹುಡುಗನನ್ನು ಹಿಡಿದರು: “ನೋಡಪ್ಪ, ಎಸ್‌ಎನ್‌ಪ್ರಿಂಟ್‌ಎಫ್ ಬಳಸಿರೋ ಹಾಗಿದೆ, ಆಚೆ ಚೆಲ್ಲಿಲ್ಲ, ಸಂತೋಷ. ಆದರೆ ಅದು ಎಷ್ಟು ಜಾಗ ಬೇಕಿತ್ತು ಅಂತ ಹೇಳುತ್ತಲ್ಲ, ಆ ಸಂಖ್ಯೆ ಯಾರೂ ನೋಡಿಲ್ಲ. ಬೆಂಗಳೂರು ಅಂದ್ರೆ ಕಣ್ಣಿಗೆ ನಾಲ್ಕಕ್ಷರ. ಯುಟಿಎಫ್-8ರಲ್ಲಿ 24 ಬೈಟು, ಸೊನ್ನೆ ಸೇರಿ 25. ನಡುವೆ ಕತ್ತರಿಸಿದರೆ ಪ್ರಶ್ನೆ ಬರದೆ ಇನ್ನೇನು ಬಂದೀತು?” ಹುಡುಗ ಪ್ಲಗ್ ಕಿತ್ತ. ಒಳಗೆ ಮಾಂಗಲ್ಯಧಾರಣೆ ಮುಗಿದಿತ್ತು, ಮೊದಲ ಪಂಕ್ತಿಯೂ ಎದ್ದಿತ್ತು. ನನಗೆ ಆ ಹೊತ್ತಿನ ಭದ್ರತಾ ಸಮಸ್ಯೆ ಎಂದರೆ ಹೋಳಿಗೆ ಉಳಿದಿದೆಯೇ ಎಂಬುದೊಂದೇ.

ಈಗ ರಾಯರು ನಿವೃತ್ತರು. ಹೊಸಬರು ಪೈಥಾನಿನಲ್ಲಿ ಒಂದು ಕೂಡು ಚಿಹ್ನೆ ಹಾಕಿ ಸ್ಟ್ರಿಂಗ್ ಸೇರಿಸುತ್ತಾರೆ. ಜಾಗ ತಾನಾಗಿ ಸಿಗುತ್ತದೆ. ಆದರೆ ಜಾಗವೇನೂ ತಾನಾಗಿ ಹುಟ್ಟುವುದಿಲ್ಲ. ಹೆಚ್ಚಿನವರು ಬಳಸುವ ಆ ಪೈಥಾನ್ ಒಳಗೆ ಸಿ ಭಾಷೆಯಲ್ಲೇ ಇದೆ. ಅಲ್ಲಿ ಯಾರೋ ರಾಯರು ಕೂತು ಉದ್ದ ಕೂಡಿಸಿ, ಸೊನ್ನೆಗೂ ಜಾಗ ಬಿಟ್ಟು ಎದ್ದಿದ್ದಾರೆ. ಇಂಥವರ ಕೆಲಸ ಸರಿಯಾಗಿದ್ದರೆ ಏನೂ ಆಗುವುದಿಲ್ಲ. ಏನೂ ಆಗದ್ದಕ್ಕೆ ಯಾವ ಕಂಪನಿಯೂ ಬಡ್ತಿ ಕೊಡುವುದಿಲ್ಲ.

ನಿಮ್ಮ ಕಚೇರಿಯಲ್ಲೂ ಒಬ್ಬ ರಾಯರಿದ್ದರೆ, ಜಾಗ ಇದೆಯೇ ಎಂದು ಕೇಳಿದಾಗ ಗೊಣಗದೆ ಎಣಿಸಿ ಹೇಳಿ. ಮದುವೆಗೂ ಕರೆಯಿರಿ, ಬೋರ್ಡು ಕಾಣದ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರೆ ಸಾಕು.